ದೀಪ ಹಚ್ಚಿಸಿಕೊಂಡ ಕಿರೀಟ

ಕೆರಿಬಿಯನ್ ಕಲಾಪ್ರದರ್ಶನವೊಂದನ್ನು ನೋಡಲು ಮುಳ್ಳೇರಿಯದಲ್ಲಿ ಬಸ್ಸಿಳಿದೆ. ಪ್ರದರ್ಶನವಿದ್ದ ವಾಚನಾಲಯದ ನಡುವೆ ಕೆಂಪು ಗರಿಗಳ, ಆಳೆತ್ತರದ ಒಂದು ಕಿರೀಟ. ಅದರ ಮುಂದೆ ಕಾಲುದೀಪ, ಮೇಲೆ ಮಲ್ಲಿಗೆಯ ಮಾಲೆ, ಸುತ್ತ ಹಗ್ಗ. ಫಲಕದಲ್ಲಿ ‘ಪ್ರಾಚೀನ ಕೆರಿಬಿಯನ್ ದೈವ’ ಎಂದಿತ್ತು. ಬಗ್ಗಿ ಎರಡು ಸಲ ಪರಿಶೀಲಿಸಿದೆ: ಕಿರೀಟದ ಒಳಬದಿಯಲ್ಲಿ ಬರೆದಿದ್ದದ್ದು ಹೋದ ವರ್ಷದ ಇಸವಿ.

ಅದನ್ನು ಮಾಡಿದ ಟ್ರಿನಿಡಾಡಿನ ಕಲಾವಿದೆ ಶರ್ಲಿನ್ ಹಗ್ಗದ ಹೊರಗೆ ನಿಂತಿದ್ದರು. “ಬಂದವರೆಲ್ಲ ತಲೆಗಿಟ್ಟು ಕುಣಿಯಲೆಂದೇ ಇದನ್ನು ಮಾಡಿದೆ. ಗುಲಾಮರಾಗಿದ್ದ ನನ್ನ ಹಿರಿಯರನ್ನು ಒಡೆಯರು ತಮ್ಮ ಕಾರ್ನಿವಲ್ ಕುಣಿತಕ್ಕೆ ಸೇರಿಸುತ್ತಿರಲಿಲ್ಲ; ಬಿಡುಗಡೆಯಾದ ಮೇಲೆ ಅವರೇ ಬೀದಿಗಿಳಿದು ಕುಣಿದರು,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಾನು ಅದನ್ನು ವಾಚನಾಲಯದ ಕಾರ್ಯದರ್ಶಿ ಬಾಲಣ್ಣನವರಿಗೆ ತಿಳಿಸಿದೆ.

“ಎಂತ ಸಾರ್, ದೈವ ಮೈಮೇಲೆ ಬರುವವರ ಮುಡಿಯನ್ನು ಯಾರ್ಯಾರೋ ತಲೆಗಿಡ್ಲಿಕ್ಕೆ ಉಂಟಾ? ಅದಕ್ಕೆ ಹುಟ್ಟಿನಿಂದ ಬಂದ ಹಕ್ಕು ಬೇಕು ಮಾರಾಯ್ರೆ!”

ನನಗೆ ಸಿಟ್ಟು ನೆತ್ತಿಗೇರಿತು. ಹುಟ್ಟಿನ ಹಕ್ಕೆಂಬ ಮಾತನ್ನೇ ಧಿಕ್ಕರಿಸಿ ಬೀದಿಗಿಳಿದ ಕಲೆಗೆ, ಸಮುದ್ರ ದಾಟಿ ಬಂದ ಮೇಲೂ, ಅದೇ ಹಗ್ಗ! “ಮೊದಲು ಫಲಕ ತೆಗೆಯಿರಿ. ಅದರಲ್ಲಿರುವುದು ಸುಳ್ಳು,” ಎಂದು ಗದರಿದೆ.

ಅಷ್ಟರಲ್ಲಿ ಶರ್ಲಿನ್ ಹಗ್ಗ ದಾಟಿದ್ದರು. ಮಾಲೆಯನ್ನು ಪಕ್ಕಕ್ಕಿಟ್ಟು, ಕಿರೀಟವನ್ನು ತಲೆಗೇರಿಸಿ ಎರಡು ಹೆಜ್ಜೆ ಕುಣಿದರು. ಬಾಲಣ್ಣ ಥಟ್ಟನೆ ಚಪ್ಪಲಿ ಕಳಚಿ ಕೈಮುಗಿದರು.

ಶರ್ಲಿನ್ ನಿಂತುಬಿಟ್ಟರು. “ನಾನು ದೇವರಲ್ಲವೆಂದು ಅವರಿಗೆ ಹೇಳಿ,” ಎಂದರು.

ಹೇಳಿದೆ. ಬಾಲಣ್ಣ ಮುಗಿದ ಕೈ ಇಳಿಸಲಿಲ್ಲ.

“ಮೆಲ್ಲ ಮಾತಾಡಿ ಸಾರ್. ದೈವ ನುಡಿ ಕೊಡ್ತಾ ಉಂಟು.”