ಚಪ್ಪಲಿ ಬಿಟ್ಟು ಹತ್ತಿದ ದೋಣಿ

ಸ್ವೀಡನ್ನಿಗೆ ಬಂದು ಎಂಟೇ ತಿಂಗಳಿಗೆ ನನ್ನ ಹೆಂಡತಿ ವಾಪಸು ಹೋಗುತ್ತೇನೆಂದಳು. ಜಗಳವಾಡಿ ಅಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು. ಮಾರ್ಚಿನ ಒಂದು ಬೆಳಿಗ್ಗೆ ಚಹಾ ಸೋಸುತ್ತಾ, "ಆಗಸ್ಟಿಗೆ ನನಗೂ ಮಗುವಿಗೂ ಟಿಕೆಟ್ ಬುಕ್ ಮಾಡಿಬಿಡಿ. ಇಲ್ಲಿ ನಾನು ಯಾರೂ ಅಲ್ಲ," ಎಂದಳು. ಬುಕ್ ಮಾಡಿದೆ. ಎಸ್ಕಿಲ್‌ಸ್ಟುನಾ ಪಟ್ಟಣದಲ್ಲಿ ಮಣ್ಣು ಹೊರುವ ದೈತ್ಯ ಯಂತ್ರಗಳ ಚಕ್ರಗಳಿಗೆ ಆಕ್ಸಲ್ ವಿನ್ಯಾಸ ಮಾಡುವ ನನಗೆ ಗೊತ್ತಿದ್ದದ್ದು ಹೇಳಿದ ಕೆಲಸ ಮಾಡಿ ಮುಗಿಸುವುದೊಂದೇ.

ಅದೇ ದಿನಗಳಲ್ಲಿ ನನ್ನ ಸ್ವೀಡಿಷ್ ಸಹೋದ್ಯೋಗಿ ಕೆರಿಬಿಯನ್‌ನಲ್ಲಿ ರಜೆ ಕಳೆದು ಟೊಮೆಟೊ ಬಣ್ಣದವನಾಗಿ ಮರಳಿದ್ದ. ಆಫೀಸಿನಲ್ಲಿ ಫಿಕಾ ಎಂಬುದೊಂದಿದೆ, ಆಕಾಶ ಕಳಚಿ ಬಿದ್ದರೂ ಇವರು ಬಿಡದ ಕಾಫಿ ವಿರಾಮ. ಆಗ ಫೋಟೋ ತೋರಿಸಿದ: ಬೆಳಿಗ್ಗೆ ಕೆಸರಲ್ಲಿ ಜೀಪು, ಮಧ್ಯಾಹ್ನ ನೀಲಿ ನೀರಲ್ಲಿ ದೋಣಿ. ನಾನು ಬಾಯಿಬಿಟ್ಟುಕೊಂಡು ನೋಡಿದ್ದಿರಬೇಕು. "ಜೂನಲ್ಲಿ ಹೆಂಡತಿ, ಮಗಳನ್ನು ಕರ್ಕೊಂಡು ನಮ್ಮ ಬೇಸಿಗೆ ಮನೆಗೆ ಬಾ. ಇದೇ ದಿನ ಮಾಡಿಕೊಡ್ತೀನಿ, ತೆಂಗಿನಮರ ಒಂದು ಬಿಟ್ಟು," ಎಂದ. ಆ ಒಂದು ದಿನದಿಂದ ಅವಳ ಮನಸ್ಸು ಬದಲಾಗಬಹುದೆಂಬ ಹುಚ್ಚು ಆಸೆ ನನಗೆ ಹತ್ತಿಕೊಂಡಿತು.

ಜೂನಲ್ಲಿ ಹೋದೆವು. ಅವನ ಜಮೀನಿನಲ್ಲಿ ಪಾಳುಬಿದ್ದ ಜಲ್ಲಿ ಕ್ವಾರಿಯಿತ್ತು. ಹಳೆಯ ಜೀಪಿನ ಸ್ಟೀರಿಂಗ್ ಹಿಡಿದು, "ಇದರ ಹೊಟ್ಟೆಯೊಳಗೆ ಏನೇನಿದೆ ಅಂತ ನನಗೆ ಗೊತ್ತು ಕಣೇ, ನೋಡ್ತಿರು," ಎಂದು ಹೆಂಡತಿಗೆ ಜಂಬ ಕೊಚ್ಚಿದೆ. ಎರಡೇ ನಿಮಿಷ. ಮೊದಲ ಕೆಸರುಗುಂಡಿಯಲ್ಲೇ ಬಾಗಿಲವರೆಗೆ ಹೂತುಹೋದೆವು. ಎರಡು ಚಕ್ರ ಅಲ್ಲಾಡದೆ ಉಳಿದೆರಡು ಮಾತ್ರ ಗಿರಗಿರ ತಿರುಗುತ್ತಿರಲು ಸಹೋದ್ಯೋಗಿ ಕಿಟಕಿಯಲ್ಲಿ ಬಗ್ಗಿ, "ಲಾಕ್ ಹಾಕಿದ್ದೀಯಾ?" ಎಂದು ಮೆಲ್ಲಗೆ ಕೇಳಿದ. ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಆ ಲಾಕನ್ನೇ ದಿನವಿಡೀ ಕಂಪ್ಯೂಟರಿನಲ್ಲಿ ಬರೆಯುವವನು ನಾನು! ಮಾನ ಹರಾಜಾಯಿತು. ಐದು ವರ್ಷದ ಮಗಳು ಹಿಂದೆ ಕುಣಿಯುತ್ತಾ "ಇಯೆನ್! ಇಯೆನ್!" ಎಂದು ಮತ್ತೊಮ್ಮೆ ಹೂತುಹೋಗಲು ಸ್ವೀಡಿಷ್‌ನಲ್ಲಿ ಹಟ ಹಿಡಿದಳು. ಹೆಂಡತಿ ಮಾತ್ರ ನೆಂಟರ ಮನೆಯಲ್ಲಿ ನಗುವಂತೆ ಮರ್ಯಾದೆಗೊಂದು ನಗು ನಕ್ಕಳು.

ಮಧ್ಯಾಹ್ನ ಮೆಲಾರೆನ್ ಸರೋವರಕ್ಕೆ ಇಳಿದೆವು. ನಾನು ತುಮಕೂರು ಕಡೆಯವನು, ನನಗೆ ನೀರೆಂದರೆ ಬೋರ್‌ವೆಲ್. ಇಲ್ಲಿ ನೋಡಿದರೆ ಕಣ್ಣು ಹಾಯುವಷ್ಟೂ ನೀರು, ಅದರ ನಡುವೆ ಪೈನ್ ಮರ ಹೊತ್ತ ದ್ವೀಪಗಳು, ಒಂದರ ಹಿಂದೆ ಇನ್ನೊಂದು. ಇಷ್ಟು ಸಿಹಿನೀರನ್ನು ದೇವರು ಒಂದೇ ಕಡೆ ಸುರಿದುಬಿಟ್ಟಿದ್ದಾನಲ್ಲ ಎಂದು ಮೈ ಜುಮ್ಮೆಂದಿತು. ಲೈಫ್ ಜಾಕೆಟ್ ತೊಟ್ಟು ನಾನೂ ಮಗಳೂ ಅವನ ಮೋಟಾರು ದೋಣಿಯಲ್ಲಿ ಕೂತೆವು. ಹೆಂಡತಿ ತನ್ನೂರಿನ ದೋಣಿಯವರ ರೂಢಿಯಂತೆ ಚಪ್ಪಲಿ ಬಿಚ್ಚಿ ಕಟ್ಟೆಯ ಮೇಲೆ ಜೋಡಿಸಿಟ್ಟಳು. ಆದರೆ ಹತ್ತಲಿಲ್ಲ.

"ಹೆದರಿಕೆನಾ?" ಎಂದೆ.

"ಅಲ್ಲ. ಇದರಲ್ಲಿ ಬಲೆ ಉಂಟು," ಎಂದಳು.

ನನ್ನ ಮಾವನಿಗೆ ಮಂಗಳೂರು ಕಡೆ ಮೀನುಗಾರಿಕೆಯ ದೋಣಿಯಿದೆಯೆಂದು ಗೊತ್ತಿತ್ತು. ತಮ್ಮ ಮಗಳನ್ನು ಅವರು ಒಮ್ಮೆಯೂ ಅದಕ್ಕೆ ಹತ್ತಿಸಿರಲಿಲ್ಲ ಎನ್ನುವುದು ಮದುವೆಯಾಗಿ ಒಂಬತ್ತು ವರ್ಷವಾದರೂ ಗೊತ್ತಿರಲಿಲ್ಲ. ಈಗ ಹೇಳಿದಳು: ಬಲೆಯಿರುವ ದೋಣಿಗೆ ಹೆಂಗಸು ಕಾಲಿಟ್ಟರೆ ಮೀನು ಬೀಳುವುದಿಲ್ಲವಂತೆ. ಅಣ್ಣಂದಿರು ಏಳನೇ ವಯಸ್ಸಿಗೇ ಹತ್ತಿದರು. ಇವಳು ದಡದಲ್ಲಿ ನಿಂತು ಹಗ್ಗ ಹಿಡಿದಳು. ಈ ಕತೆಯನ್ನು ನಾನು ಯಾವತ್ತೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದನ್ನು ನಾನು ಇಂಗ್ಲಿಷಿನಲ್ಲಿ ವಿವರಿಸಿದಾಗ ಸಹೋದ್ಯೋಗಿ, "ಆ ಬಲೆ ನನ್ನ ಅಜ್ಜಿಯದು. ನೀರಿಗೆ ಬಿಡುತ್ತಿದ್ದವಳೂ ಅವಳೇ," ಎನ್ನುತ್ತಾ ತನ್ನ ಬೂಟುಗಳನ್ನೂ ಬಿಚ್ಚಿ ನನ್ನ ಹೆಂಡತಿಯ ಚಪ್ಪಲಿಯ ಪಕ್ಕ ಇಟ್ಟ. ಅವಳು ಬಿಸ್ಮಿಲ್ಲಾ ಎಂದು ಬಲಗಾಲಿಟ್ಟಳು.

ಸರೋವರದ ನಡುವೆ ಅವನು ಚುಕ್ಕಾಣಿಯನ್ನು ಅವಳ ಕೈಗೇ ಕೊಟ್ಟ. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂದು ಪಾಠ ಶುರುಮಾಡುವಷ್ಟರಲ್ಲಿ ದೋಣಿ ತಿರುಗಿಯಾಗಿತ್ತು. ಎರಡು ದ್ವೀಪಗಳ ನಡುವೆ ನುಗ್ಗುವಾಗ ಅವಳು ಥಟ್ಟನೆ ವೇಗ ತಗ್ಗಿಸಿ ಬಳಸಿಕೊಂಡು ಹೋದಳು. ಸಹೋದ್ಯೋಗಿಯ ಹುಬ್ಬು ಮೇಲೇರಿತು. "ಅಲ್ಲಿ ನೀರಿನಡಿ ಬಂಡೆಯಿದೆ. ಯಾರು ಹೇಳಿದ್ರು?"

"ನೀರು ಅಲ್ಲಿ ಬೇರೆಯೇ ಮುರೀತಾ ಉಂಟಲ್ಲ ಮಾರಾಯ್ರೆ! ಕಾಣೋದಿಲ್ವಾ ನಿಮಗೆ?" ಎಂದು ನನ್ನನ್ನೇ ಗದರಿದಳು.

ನನಗೆ ಕಾಣುವುದೆಲ್ಲಿಂದ ಬಂತು! ಅವಳ ಮನೆಮಾತು ಬ್ಯಾರಿ, ನನ್ನದು ದಖನಿ ಉರ್ದು. ಮನೆಯಲ್ಲಿ ನಮ್ಮಿಬ್ಬರ ಮಾತು ಕನ್ನಡ, ಅದೂ ನನ್ನ ಕಡೆಯವರು ನಗಬಾರದೆಂದು ಅವಳು ಕಲಿತ ಬೆಂಗಳೂರು ಕನ್ನಡ. ಈಗ ಗಾಳಿಗೆ ಸ್ಕಾರ್ಫ್ ಪಟಪಟಿಸುತ್ತಿರಲು ಎದ್ದುನಿಂತು, ತನ್ನೂರಿನ ಕನ್ನಡದಲ್ಲಿ ನನ್ನನ್ನು ಅತ್ತ ಸರಿಯಿರಿ, ಇತ್ತ ಕೂರಿ ಎಂದು ಆಳುತ್ತಿದ್ದಳು. ದಡದಲ್ಲಿ ನಿಂತೇ ಇಷ್ಟನ್ನು ಕಲಿತಿದ್ದಳೇ! ಅಬ್ಬಾ, ಇವಳು ಯಾರು ಎಂದುಕೊಂಡೆ. ಇಂಥವಳನ್ನು ನಾನು ಹನ್ನೊಂದು ತಿಂಗಳು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೂರಿಸಿದ್ದೆ. ಸರೋವರಕ್ಕಿಂತ ಹೆಚ್ಚು ಅವಳನ್ನೇ ನೋಡಿದೆ.

ಬಲೆಯನ್ನು ನೀರಿಗೆ ಬಿಟ್ಟು, ಒಂದು ದ್ವೀಪದಲ್ಲಿ ಬ್ರೆಡ್ಡು ತಿಂದು, ಮರಳುವಾಗ ಎಳೆದೆವು. ಹನ್ನೊಂದು ಮೀನುಗಳಿದ್ದವು.

ದಡ ಮುಟ್ಟಿದವಳೇ ಬರಿಗಾಲಲ್ಲೇ ನಿಂತು ನನ್ನ ಮೊಬೈಲು ಕಸಿದು ಅಪ್ಪನಿಗೆ ಫೋನ್ ಮಾಡಿದಳು. ಬ್ಯಾರಿ ಮಾತು ನನಗೆ ಅರ್ಧ ತಿಳಿಯುತ್ತದೆ. ಕಡಲ ಮೇಲೆ ಕೂಗಿ ಅಭ್ಯಾಸವಾದ ಮಾವನ ದನಿ ಹೊರಗೂ ಕೇಳುತ್ತಿತ್ತು.

"ಬಲೆ ಇತ್ತಾ ಅದರಲ್ಲಿ?"

"ಇತ್ತು."

"ಮೀನು?"

"ಹನ್ನೊಂದು."

ಫೋನ್ ಕಟ್ಟಾಯಿತೇನೋ ಎಂದು ನಾನು ಕೈಚಾಚಿದೆ. ಅವಳು ಕೊಡಲಿಲ್ಲ.

"ಅಪ್ಪಾ, ಆಗಸ್ಟಿಗೆ ನಾನು ಬರೋದಿಲ್ಲ," ಎಂದಳು. "ನೀವು ಬನ್ನಿ. ದೋಣಿಗೆ ನಿಮ್ಮನ್ನು ನಾನು ಹತ್ತಿಸಿಕೊಳ್ತೇನೆ."