ಒಂದು ಶೇಡ್ ಡಾರ್ಕ್

ದಾವಣಗೆರೆಯ ನಮ್ಮ ಅಂಗಡಿಯಲ್ಲಿ ದಿನವಿಡೀ ಕಿವಿಗೆ ಬೀಳುವ ಇಂಗ್ಲಿಷ್ ಮಾತು ಅಂದರೆ ಡಾರ್ಕ್. ಅಪ್ಪಾಜಿಯದು ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸ್, ಲೈನಿಂಗ್ ಬಟ್ಟೆ, ಸೀರೆಯ ಫಾಲ್ಸ್, ಇಷ್ಟೇ ವ್ಯಾಪಾರ. ಡಿಗ್ರಿ ಮುಗಿದ ಮೇಲೆ ನಾನೂ ಅದೇ ಕೌಂಟರಿನ ಹಿಂದೆ ನಿಂತೆ. ಸೀರೆ ಹಿಡಿದು ಬಂದ ಹೆಂಗಸರು ಇದಕ್ಕಿಂತ ಒಂದು ಶೇಡ್ ಡಾರ್ಕ್ ಕೊಡಿ ಅನ್ನುತ್ತಾರೆ. ಡಾರ್ಕ್ ಆದರೆ ಬಾರ್ಡರ್ ಎದ್ದು ಕಾಣುತ್ತದೆ, ಕೊಳೆ ಕಾಣುವುದಿಲ್ಲ. ಹದಡಿಯಿಂದ ಬರುವ ಟೀಚರೊಬ್ಬರು ಡಾರ್ಕ್ ಇಲ್ಲ ಅಂದರೆ ಮುಖ ಸಣ್ಣ ಮಾಡಿಕೊಂಡೇ ಹೋಗುತ್ತಾರೆ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲೂ ಅದೇ ಗಲಾಟೆ. ಕಾಪಿ ಡಾರ್ಕ್ ಬಂದಿಲ್ಲ ಅಂತ ಹಾಸ್ಟೆಲ್ ಹುಡುಗಿಯರು ವಾಪಸ್ ಕೊಡುತ್ತಾರೆ. ಕಣ್ಣಿಗೆ ತಂಪು ಅಂತ ಅವರ ಮೊಬೈಲೂ ಡಾರ್ಕ್ ಮೋಡಿನಲ್ಲೇ ಇರುತ್ತದೆ.

ಇಷ್ಟೆಲ್ಲ ಮರ್ಯಾದೆ ಇರುವ ಮಾತು, ಹೆಣ್ಣಿನ ಮುಖದ ವಿಚಾರಕ್ಕೆ ಬಂದ ಕೂಡಲೇ ದನಿ ತಗ್ಗಿಸಿಕೊಳ್ಳುತ್ತದೆ. ಹುಡುಗಿ ಕಪ್ಪು ಅಂದರೆ ಒರಟಾಯಿತಂತೆ, ಅದಕ್ಕೇ ಸ್ವಲ್ಪ ಡಾರ್ಕ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಹಂಗಿಸಿದರೆ ಹಂಗಿಸಿದ ಹಾಗಲ್ಲ ಅನ್ನುವ ಜಾಣತನ. ನಾನು ಕಪ್ಪು. ಅಪ್ಪಾಜಿಯದೇ ಬಣ್ಣ ನನಗೆ ಬಂದಿದೆ.

ನನಗೆ ಇಪ್ಪತ್ತಾರು ನಡೆಯುವಾಗ ಹರಿಹರದ ಸಂಬಂಧವೊಂದು ಬಂತು. ಅಮ್ಮ ಸ್ಟುಡಿಯೋದವರಿಗೆ ಹೇಳಿ ನನ್ನ ಫೋಟೋ ಬೆಳ್ಳಗೆ ಮಾಡಿಸಿದಳು. ಬಯೋಡೇಟಾದಲ್ಲಿ ಗೋಧಿ ಬಣ್ಣ ಅಂತ ಹಾಕಿಸಿದಳು. ಜೋಳದ ರೊಟ್ಟಿ ತಿಂದು ಬೆಳೆದ ಊರಿನಲ್ಲಿ ಹೆಣ್ಣುಮಕ್ಕಳು ಮಾತ್ರ ಗೋಧಿ. ಆ ಫೋಟೋದಲ್ಲಿದ್ದವಳ ಗುರುತು ನನಗೇ ಸಿಗಲಿಲ್ಲ. ಇವಳು ನಾನಲ್ಲ, ಕಳಿಸಬೇಡಿ ಅಂತ ಜಗಳ ಆಡಿದೆ. ಅಪ್ಪಾಜಿ ಲೈನಿಂಗ್ ಬಟ್ಟೆ ಅಳೆಯುತ್ತ ಸುಮ್ಮನಿದ್ದರು. ಫೋಟೋ ಹೋಯಿತು, ಹುಡುಗನ ಕಡೆಯವರು ಒಪ್ಪಿದರು.

ಹುಡುಗಿ ನೋಡುವ ಶಾಸ್ತ್ರ ಹರಿಹರದಲ್ಲಿ, ಸಂಬಂಧ ತಂದ ಸೋದರತ್ತೆಯ ಮನೆಯಲ್ಲಿ. ಅಪ್ಪಾಜಿ, ಅಮ್ಮ, ನಾನು ಹೋದೆವು. ಉಪ್ಪಿಟ್ಟು, ಟೀ ಮುಗಿಯಿತು. ಹುಡುಗನ ದೊಡ್ಡಮ್ಮ ನನ್ನನ್ನೂ ಕೈಯಲ್ಲಿದ್ದ ಫೋಟೋವನ್ನೂ ಎರಡೆರಡು ಸಲ ನೋಡಿ, ಫೋಟೋದಲ್ಲಿ ಇಷ್ಟು ಡಾರ್ಕ್ ಇರಲಿಲ್ಲ ಅಂದರು. ಅಮ್ಮ ಟ್ಯೂಬ್‌ಲೈಟಿನ ಮೇಲೆ ತಪ್ಪು ಹಾಕಿದಳು. ದೊಡ್ಡಮ್ಮ ಬಿಡಲಿಲ್ಲ.

"ಹಂಗಾರೆ ಅಂಗಳಕ್ಕ ಬಾರವ್ವ, ಬೆಳಕಿನಾಗ ನೋಡಾನ."

ಅಂಗಡಿಯಲ್ಲಿ ಇದು ದಿನನಿತ್ಯದ ಪದ್ಧತಿ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಮೋಸ ಮಾಡುತ್ತದೆ ಅಂತ ಗಿರಾಕಿಗಳು ಸೀರೆಯನ್ನೂ ಪೀಸನ್ನೂ ರಸ್ತೆಗೆ ಒಯ್ದು, ಬಿಸಿಲಿನಲ್ಲಿ ಪಕ್ಕಪಕ್ಕ ಹಿಡಿದು ನೋಡುತ್ತಾರೆ. ಈಗ ನಾನೇ ಪೀಸ್ ಆಗಿದ್ದೆ. ಮೈಯೆಲ್ಲ ಉರಿದುಹೋಯಿತು. ಅತ್ತು ಒಳಗೆ ಓಡಬಹುದಿತ್ತು, ಓಡಲಿಲ್ಲ. ಒಂದೇ ಬಟ್ಟೆ ಹಿಡಿದುಕೊಂಡು ಮ್ಯಾಚಿಂಗ್ ನೋಡಲಾಗುವುದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೆ ಗೊತ್ತಿತ್ತು?

"ಬರ್ತೀನ್ರಿ," ಅಂದು ಹುಡುಗನ ಕಡೆ ತಿರುಗಿದೆ. "ಇವರೂ ಬರ್ಲಿ."

ಹೊರಗೆ ನಡುಮಧ್ಯಾಹ್ನದ ಬಿಸಿಲು. ಅವರು ಬಂದರು, ಪಾಪ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾವಿಕಟ್ಟೆಯ ಹತ್ತಿರ ನಿಂತರು. ನಾನು ಪಕ್ಕಕ್ಕೆ ಹೋಗಿ ಅವರ ತೋಳಿನ ಪಕ್ಕ ನನ್ನ ತೋಳು ಚಾಚಿದೆ. ಒಂದು ಶೇಡ್ ಡಾರ್ಕ್ ಅವರೇ. ಎಲ್ಲರಿಗೂ ಕಂಡಿತು. ಗಂಡಸರ ಬಣ್ಣ ಯಾರು ನೋಡುತ್ತಾರೆ ಅಂತ ದೊಡ್ಡಮ್ಮ ಗೊಣಗಿದರು. ನಾನು ನೋಡಿದೆ ಅಂದೆ. ಬಣ್ಣಕ್ಕೆ ನನ್ನ ತಕರಾರಿಲ್ಲ, ತಮ್ಮ ಬಣ್ಣದವಳನ್ನೇ ಬಿಸಿಲಿಗೆ ಕರೆದಾಗ ತುಟಿ ಬಿಚ್ಚದೆ ಕೂತವರು ನನಗೆ ಬೇಡ ಅಂತಲೂ ಹೇಳಿದೆ. ಸೋದರತ್ತೆ ಹಣೆ ಹಣೆ ಬಡಿದುಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇನ್ನು ಮುಂದೆ ಯಾರು ಬರುತ್ತಾರೆ, ನಾಳೆಗೆ ಎರಡೂ ಊರಲ್ಲಿ ಸುದ್ದಿಯಾಗುತ್ತದೆ ಅಂದಳು. ಸುದ್ದಿ ಆಯಿತು ಕೂಡ. ಆಗಲಿ. ಇವತ್ತು ಕರೆದರೂ ನಾನು ಅದೇ ಅಂಗಳಕ್ಕೆ ಇಳಿದು ಅದೇ ಮಾತು ಹೇಳುತ್ತೇನೆ.

ಅಪ್ಪಾಜಿ ಮುಂದಿನ ಸೀಟಿನಲ್ಲಿದ್ದರು. ದಾವಣಗೆರೆ ಇನ್ನೂ ಎಷ್ಟು ದೂರ ಅಂತ ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ.

"ಸ್ಟುಡಿಯೋದಾಗ ಅಳಿಸಿದ್ದು ನನ್ನ ಬಣ್ಣಾನವ್ವ," ಅಂದರು. "ನಾನೂ ಸುಮ್ನ ಕುಂತಿದ್ದೆ. ಆ ಹುಡುಗನಷ್ಟ ತಪ್ಪು ನಂದೂ ಐತೆ."

ಅವರ ಕಣ್ಣು ತುಂಬಿತ್ತು. ಹಾಗೇನಿಲ್ಲ ಬಿಡಿ ಅಂತ ಸಮಾಧಾನ ಹೇಳಬೇಕು ಅನ್ನಿಸಿತು, ಕೈ ಹಿಡಿದುಕೊಂಡೆ. ಆದರೆ ಅಷ್ಟು ಸುಲಭಕ್ಕೆ ಬಿಡಲು ನನಗೆ ಮನಸ್ಸು ಬರಲಿಲ್ಲ.

"ಹೌದು ಅಪ್ಪಾಜಿ," ಅಂದೆ. "ಐತೆ."