ಕೆಂಚವೀರಪ್ಪನವರು ಅಂಟಿಸಿದ ಮಾತು

ಶಾಮನೂರಿನ ಕೆಂಚವೀರಪ್ಪನವರು ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟರಾಗಿದ್ದರು. ಹರಿಹರದ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುವುದು ಅವರ ಕೆಲಸ. ಹಾರ್ನುಗಳ, ಹಣ್ಣಿನ ಗಾಡಿಗಳ ಗದ್ದಲವನ್ನೆಲ್ಲ ಸೀಳಿಕೊಂಡು ಅವರ ದನಿ ರಸ್ತೆಯಾಚೆ ಮುಟ್ಟುತ್ತಿತ್ತು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು. ಉಸಿರಾಡಲು ಕೊರಳಲ್ಲೊಂದು ರಂಧ್ರ, ಅದರ ಮೇಲೆ ಸದಾ ತೆಳುವಾದ ಬಟ್ಟೆ.

ಮನೆಗೆ ಬಂದ ಮೇಲೆ ಸ್ಲೇಟಿನ ಮೇಲೆ ಬರೆದು ತೋರಿಸತೊಡಗಿದರು. ಆದರೆ ಹೆಂಡತಿ ಚೌಡವ್ವನಿಗೆ ಓದಲು ಬರದು. ಗಂಡ ಏನು ಬರೆದರೂ ಆಕೆ ಸ್ಲೇಟು ಹಿಡಿದು ಪಕ್ಕದ ಮನೆಗೆ ಓಡಬೇಕು. ಒಂದು ಸಂಜೆ ಕೆಂಚವೀರಪ್ಪನವರು ‘ನನಗೆ ಹೆದರಿಕೆ ಆಗ್ತೈತೆ’ ಎಂದು ಬರೆದರು. ಚೌಡವ್ವ ಎಂದಿನಂತೆ ಅದನ್ನೂ ಒಯ್ದಳು. ಪಕ್ಕದ ಮನೆಯವರು ಅದನ್ನು ಜೋರಾಗಿ ಓದಿದ್ದು ಗೋಡೆಯ ಈಚೆಗೂ ಕೇಳಿಸಿತು. ಅವಳು ಅಳುತ್ತಾ ಹಿಂದಿರುಗುವಷ್ಟರಲ್ಲಿ ಕೆಂಚವೀರಪ್ಪನವರು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಆಮೇಲೆ ಸ್ಲೇಟು ಮುಟ್ಟಲಿಲ್ಲ.

ಮಗ ಮಾಲತೇಶ್ ದಾವಣಗೆರೆಯದೇ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿಯವರು ಬೇಡವೆಂದು ತೆಗೆದಿಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ಕೇಳಿ ತಂದ.

“ಅಪ್ಪಾ, ಇದರಾಗೆ ನೀನು ಏನು ಬರೀತೀಯೋ ಅದನ್ನ ಇದೇ ಓದಿ ಹೇಳ್ತೈತೆ,” ಎಂದು ತೋರಿಸಿಕೊಟ್ಟ.

ನಿಜ, ಓದಿ ಹೇಳುತ್ತಿತ್ತು. ಆದರೆ ಕೆಂಚವೀರಪ್ಪನವರದು ಒಂದೇ ಬೆರಳಿನ ಬರವಣಿಗೆ. ‘ಬಿಸಿನೀರು ಕೊಡು’ ಎನ್ನಲು ಅಕ್ಷರ ಹುಡುಕಿ ಹುಡುಕಿ ಒತ್ತುವಷ್ಟರಲ್ಲಿ ಚೌಡವ್ವ ಕಾದು ಬೇಸತ್ತು ಹಿತ್ತಲಿಗೆ ಹೋಗಿರುತ್ತಿದ್ದಳು. ಮರುವಾರ ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ದೇವರಾಜ ಅರಸು ಬಡಾವಣೆಯ ಒಂದು ಕಂಪ್ಯೂಟರ್ ಸೆಂಟರಿಗೆ ಹೋದರು. ಅದನ್ನು ನಡೆಸುತ್ತಿದ್ದವಳು ಅಂಬಿಕಾ. ಅವರು ಕೊರಳು ತೋರಿಸಿ, ತಮ್ಮ ಕಷ್ಟವನ್ನು ಪರದೆಯ ಮೇಲೆ ನಿಧಾನವಾಗಿ ಬರೆದರು. ಅಂಬಿಕಾ ಕೊನೆಯ ಅಕ್ಷರದವರೆಗೂ ಕಾದಳು.

“ಯಜಮಾನ್ರೆ, ದಿನಾ ಹೇಳೋ ಮಾತನ್ನ ದಿನಾ ಯಾಕ ಹೊಡೀತೀರಿ? ಒಂದು ಕಡೆ ಬರೆದು ಇಟ್ಕೊಳ್ರಿ. ಬೇಕಾದಾಗ ಕಾಪಿ ಮಾಡಿ, ಓದೋ ಜಾಗದಾಗ ಪೇಸ್ಟ್ ಮಾಡ್ರಿ, ಮುಗೀತು.”

ಮುಗಿಯಲಿಲ್ಲ. ಮೊದಲು ಮೌಸ್ ಒತ್ತಿಹಿಡಿದು ಸಾಲಿನ ಮೇಲೆ ಎಳೆದು, ಅದು ನೀಲಿಯಾಗುವಂತೆ ಮಾಡಬೇಕು. ಬಸ್ಸಿನ ಬಾಗಿಲಿಗೆ ಜೋತು ಬಿದ್ದು ಒರಟಾಗಿದ್ದ ಕೈ. ಒಮ್ಮೆ ಅರ್ಧ ಪದ ಸಿಗುತ್ತಿತ್ತು, ಒಮ್ಮೆ ಇಡೀ ಪುಟವೇ ನೀಲಿಯಾಗುತ್ತಿತ್ತು. ಆಮೇಲೆ ಕಂಟ್ರೋಲ್ ಕೀಲಿಯನ್ನು ಹಿಡಿದುಕೊಂಡೇ ‘ಸಿ’ ಒತ್ತಬೇಕು. ಅವರು ಕಂಟ್ರೋಲನ್ನು ಬಿಟ್ಟು ‘ಸಿ’ ಒತ್ತಿದರು. ಬರೆದಿಟ್ಟಿದ್ದ ಸಾಲೆಲ್ಲ ಮಾಯವಾಗಿ ಅದರ ಜಾಗದಲ್ಲಿ ಒಂದೇ ಒಂದು ಅಕ್ಷರ ಕೂತಿತ್ತು. ಕೆಂಚವೀರಪ್ಪನವರು ಮೇಜಿಗೆ ಗುದ್ದಿದರು.

“ಸಿಟ್ಟು ಬ್ಯಾಡ್ರಿ. ಕಂಟ್ರೋಲ್ ಹಿಡಿದು ‘ಝಡ್’ ಒತ್ರಿ, ನೋಡ್ರಿ, ಹೋಗಿದ್ದು ಬಂತು.”

ಸಾಲು ಮರಳಿ ಬಂದಿತ್ತು. ಅವರು ಅದನ್ನೇ ದಿಟ್ಟಿಸಿದರು. ಸರಿಯಾಗಿ ‘ಸಿ’ ಒತ್ತಿದಾಗಲೂ ಅನುಮಾನ, ಏಕೆಂದರೆ ಪರದೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ‘ಎಲ್ಲಿ ಹೋತು?’ ಎಂದು ಕೈ ತಿರುಗಿಸಿ ಕೇಳಿದರು.

“ಎಲ್ಲೂ ಹೋಗಿಲ್ಲ, ಒಳಗೆ ಐತೆ. ನೀವು ಇನ್ನೊಂದು ಕಾಪಿ ಮಾಡೋ ತನಕ ಅಲ್ಲೇ ಇರ್ತೈತೆ. ಈಗ ಆ ಕಡೆ ಹೋಗಿ ಕಂಟ್ರೋಲ್ ಹಿಡಿದು ‘ವಿ’ ಒತ್ರಿ.”

ಒತ್ತಿದರು. ಸಾಲು ಬಂದು ಕೂತಿತು. ಅಳಿಸಿ ಮತ್ತೆ ಮಾಡಿದರು. ಸೆಂಟರ್ ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ, ತಪ್ಪುತ್ತಾ ತಿದ್ದುತ್ತಾ, ಅವರ ಬೆರಳುಗಳಿಗೆ ಅದು ರೂಢಿಯಾಯಿತು.

ಯಂತ್ರದ್ದು ಹೆಣ್ಣು ದನಿ. ಅಡುಗೆಮನೆಯ ಬಾಗಿಲಲ್ಲಿ ಅದು ಮೊದಲ ಸಲ “ಚೌಡವ್ವಾ, ಉಂಡೇನು?” ಎಂದಾಗ ಆಕೆ ಬೆಚ್ಚಿದಳು.

“ಯಾವಳೋ ಬಂದು ಕೇಳಿದಂಗಾತು ನೋಡ್ರಿ!” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದು ಸಲ ಅನ್ರಿ,” ಎಂದಳು.

ಆ ವರ್ಷವೇ ಹರಿಹರದಲ್ಲಿದ್ದ ತಂಗಿ ಗಿರಿಯಮ್ಮನ ಮಗಳು ಬಿಂದುವಿಗೆ ಸಂಬಂಧವೊಂದು ಬಂತು. ಬಿಂದುವಿಗೆ ತಂದೆಯಿಲ್ಲ, ಮಾತುಕತೆಯಲ್ಲಿ ಸೋದರಮಾವನೇ ಹಿರಿಯ. ಮಾತುಕತೆಯ ಹಿಂದಿನ ದಿನ ಬಿಂದು ಫೋನ್ ಮಾಡಿ, “ಮಾವಾ, ಹುಡುಗ ನಂಗೆ ಒಪ್ಪಿಗೆ. ಆದ್ರೆ ನನ್ನ ಬಿ.ಎಡ್. ಮುಗೀಲಿ ಅಂತ ಹೇಳು. ನಾ ಹೇಳಿದ್ರೆ ಯಾರೂ ಕೇಳಂಗಿಲ್ಲ,” ಎಂದಿದ್ದಳು. ಕೆಂಚವೀರಪ್ಪನವರು ‘ಬರ್ರಿ, ಕೂಡ್ರಿ’ಯಿಂದ ಹಿಡಿದು ಬೇಕಾದ ಸಾಲುಗಳನ್ನೆಲ್ಲ ಬರೆದುಕೊಂಡು ಹರಿಹರದ ಬಸ್ಸು ಹತ್ತಿದರು.

ಗಿರಿಯಮ್ಮನ ಮನೆಯಲ್ಲಿ ಯಂತ್ರ “ಬರ್ರಿ, ಕೂಡ್ರಿ” ಎಂದಾಗ ಬೀಗರ ಕಡೆಯ ಒಂದಿಬ್ಬರು ಮುಸಿಮುಸಿ ನಕ್ಕರು. ಕೆಂಚವೀರಪ್ಪನವರು ಗಮನಿಸದವರಂತೆ ಕೂತರು. ಚಹಾ ಆದ ಮೇಲೆ ಹುಡುಗನ ತಂದೆ, “ಕಾರ್ತಿಕದಾಗೇ ಮದುವಿ ಮುಗಿಸಿಬಿಡಾಣ. ಓದು ಎಲ್ಲಿ ಹೋಗ್ತೈತೆ?” ಎಂದು, ಉತ್ತರಕ್ಕೆ ಕಾಯದೆ ಛತ್ರದ ಮಾತೆತ್ತಿದರು.

ಕೆಂಚವೀರಪ್ಪನವರು ಅಂಗೈ ಎತ್ತಿ ತಡೆದರು. ಮಾತು ನಿಂತಿತು. ಸಾಲನ್ನು ನೀಲಿ ಮಾಡಿ, ಕಾಪಿ ಮಾಡಿ, ಪೇಸ್ಟ್ ಮಾಡಿದರು.

“ಬಿಂದು ಬಿ.ಎಡ್. ಮುಗಿಸಬೇಕು. ಆಮೇಲೆ ಮದುವೆ,” ಎಂದಿತು ಯಂತ್ರ.

“ಅದು ಸರಿ. ಆದ್ರೆ ನಮ್ಮ ತಾಯಿಗೆ ವಯಸ್ಸಾಗೇತಿ...”

ಹೊಸದಾಗಿ ಬರೆಯಬೇಕಿರಲಿಲ್ಲ. ಎರಡು ಬೆರಳು ಆಡಿದವು. “ಬಿಂದು ಬಿ.ಎಡ್. ಮುಗಿಸಬೇಕು. ಆಮೇಲೆ ಮದುವೆ.”

“ಮದುವಿ ಆದ ಮ್ಯಾಲೆ ನಾವೇ ಓದಿಸ್ತೀವಲ್ರಿ!”

ಮತ್ತೆ ಅದೇ ಮಾತು. ಸಿಟ್ಟಿಲ್ಲ, ಏರಿಳಿತವಿಲ್ಲ. ನಗುತ್ತಿದ್ದವರು ಈಗ ನಗಲಿಲ್ಲ. “ಮಿಷನ್ ಕೆಟ್ಟೈತೇನ್ರಿ?” ಎಂದು ಯಾರೋ ಕೇಳಿದರು. ಕೆಂಚವೀರಪ್ಪನವರು ಇಲ್ಲವೆಂದು ತಲೆಯಾಡಿಸಿ ಹುಡುಗನ ಮುಖವನ್ನೇ ನೋಡಿದರು. ಅವನು ತಲೆ ತಗ್ಗಿಸಿದ.

ಬೀಗರು ಏನನ್ನೂ ಗೊತ್ತುಮಾಡದೆ ಎದ್ದು ಹೋದರು. ಗಿರಿಯಮ್ಮ ಅಣ್ಣನ ಮೇಲೆ ಹರಿಹಾಯ್ದಳು: “ಒಳ್ಳೆ ಸಂಬಂಧ ಕೈಬಿಟ್ಟೋತು! ನಿಂಗೆ ಸಮಾಧಾನ ಆತಾ?” ಕೆಂಚವೀರಪ್ಪನವರಿಗೂ ಒಳಗೊಳಗೇ ದಿಗಿಲಾಗಿತ್ತು. ದಾವಣಗೆರೆಗೆ ಮರಳುವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತರು. ಆದರೆ ಆಡಿದ ಮಾತು ತಪ್ಪೆಂದು ಅವರಿಗೆ ಅನ್ನಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಡುಗನೇ ಗಿರಿಯಮ್ಮನ ಮನೆಗೆ ಬಂದ. “ಪರೀಕ್ಷೆ ಮುಗೀಲಿ. ಅಪ್ಪನ್ನ ನಾ ಒಪ್ಸೀನಿ,” ಎಂದ.

ಮೊನ್ನೆ ಬಿಂದುವಿನ ಕೊನೆಯ ಪರೀಕ್ಷೆ ಮುಗಿಯಿತು. ಈಗ ಗಂಡ ಹೆಂಡತಿ ಶಾಮನೂರಿನಲ್ಲಿ ಮನೆಮನೆಗೆ ಲಗ್ನಪತ್ರಿಕೆ ಕೊಡುತ್ತಿದ್ದಾರೆ. ಚೌಡವ್ವ ಕುಂಕುಮ ಹಚ್ಚುತ್ತಾಳೆ. ಕೆಂಚವೀರಪ್ಪನವರು ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಕರೆಯುವ ಸಾಲನ್ನು ಪೇಸ್ಟ್ ಮಾಡಿ, ಅದಕ್ಕೆ ಆ ಮನೆಯ ಯಜಮಾನರ ಹೆಸರನ್ನು ತಾವೇ ಒಂದೊಂದೇ ಅಕ್ಷರ ಒತ್ತಿ ಸೇರಿಸಿ, ಮದುವೆಗೆ ಕರೆಯುತ್ತಾರೆ.